ಕೆಂಪೆಲೆ ಹುಡುಕಬೇಡಿ, ಹಾಸಿಗೆ ಬಿಸಿಲಿಗೆ ಹಾಕಿ

ಮೇಡಂ, ಮಡಿಕೇರಿ ಪಕ್ಕ ಮನೆ ಮಾಡಿದ ಮೇಲೆ ಇದು ನಿಮ್ಮ ಮೊದಲ ಮಳೆಗಾಲ, ಚಿತ್ರಗಳಲ್ಲಿ ಕಾಣುವ ಕೆಂಪೆಲೆಯ ಮರ ಇಲ್ಲಿ ಒಂದೂ ಇಲ್ಲ, ಶರತ್ಕಾಲವನ್ನು ಸವಿಯುವುದು ಹೇಗೆ ಎಂದು ಕೇಳಿದ್ದೀರಿ. ಎಲೆಯನ್ನೇ ನಂಬಿ ಕುಳಿತರೆ ನಿರಾಸೆಯೇ ಗತಿ. ನಮ್ಮ ಕಾಡಿನ ಎಲೆ ಉದುರುವ ಮರಗಳು ಬೋಳಾಗುವುದು ಬೇಸಿಗೆಯ ಹೊಸ್ತಿಲಲ್ಲಿ. ಇಲ್ಲಿ ಶರತ್ಕಾಲ ಎಂದರೆ ಬಿಸಿಲು. ಮುಂಗಾರು ಹಿಂದೆ ಸರಿದ ಮೇಲೆ ಅರೇಬಿಕಾ ಕಾಪಿಯ ಕೊಯ್ಲು ಶುರುವಾಗುವ ತನಕ ಸಿಗುವ ಬಿಡುವು. ಆಮೇಲೆ ತೋಟದವರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ.

ಆದ್ದರಿಂದ ಮೊದಲು ಮನೆ ಒಣಗಿಸಿ. ನಗಬೇಡಿ, ಈ ಕಾಲದ ದೊಡ್ಡ ಸುಖ ಇದೇ. ಕಂಬಳಿ, ದಿಂಬು, ಬೂಷ್ಟು ಹಿಡಿದ ಚಪ್ಪಲಿ, ಪುಸ್ತಕ ಎಲ್ಲವೂ ಅಂಗಳಕ್ಕೆ ಬರಲಿ. ಪುಸ್ತಕಗಳನ್ನು ಮಲಗಿಸಬೇಡಿ, ಹಾಳೆ ಬಿಚ್ಚಿ ನಿಲ್ಲಿಸಿ, ಅದೂ ನೆರಳಿನಲ್ಲಿ, ಗಾಳಿಯೇ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದನ್ನು ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಎತ್ತಿಬಿಡಿ. ಹಿಂಗಾರು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುತ್ತದೆ, ಬೆಳಗಿನ ನೀಲಿ ಆಕಾಶವನ್ನು ನಂಬುವಂತಿಲ್ಲ. ಆ ರಾತ್ರಿ ಬೆಚ್ಚಗಿನ ಹಾಸಿಗೆಯ ಮೇಲೆ ಮಲಗಿ ನೋಡಿ, ನಾನು ಹೇಳಿದ್ದು ಅರ್ಥವಾಗುತ್ತದೆ.

ಬೆಳಿಗ್ಗೆ ಬೆಲ್ಲದ ಕಾಪಿ ಕುಡಿದು ತೋಟದೊಳಗೆ ನಡೆಯಿರಿ. ಮಂಜು ಕರಗುವ ಮೊದಲು ಹೋದರೆ ಗಿಡದಿಂದ ಗಿಡಕ್ಕೆ ಕಟ್ಟಿದ ಜೇಡರ ಬಲೆಗಳು ಎದ್ದು ಕಾಣುತ್ತವೆ. ಅರೇಬಿಕಾದ ಗೆಣ್ಣು ಗೆಣ್ಣಿಗೂ ಹಸಿರು ಕಾಯಿ ಒತ್ತಾಗಿ ಕುಳಿತಿರುತ್ತದೆ, ನಡುವೆ ಒಂದೆರಡು ಹಳದಿಗೆ ತಿರುಗಿರುತ್ತವೆ. ಪೂರ್ತಿ ಕೆಂಪಾದದ್ದು ಸಿಕ್ಕರೆ ಬಾಯಿಗೆ ಹಾಕಿಕೊಂಡು ಹಿಸುಕಿ: ಸಿಪ್ಪೆಯೊಳಗಿನ ಲೋಳೆ ಸಿಹಿ, ಕಾಪಿಯ ರುಚಿಯೇ ಇರುವುದಿಲ್ಲ. ಔಷಧಿ ಹೊಡೆದ ತೋಟವಾದರೆ ಈ ಸಾಹಸ ಬೇಡ. ತೊರೆ ಹತ್ತಿರವಿದ್ದರೆ ಬಂಡೆಗಳ ಕಡೆ ಕಣ್ಣಿಡಿ. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಬೂದು ಸಿಪಿಲೆ ಹಕ್ಕಿ ಬಾಲ ಕುಣಿಸುತ್ತಾ ಓಡಾಡುತ್ತಿರುತ್ತದೆ. ಜಿಗಣೆ ಕಡಿಮೆಯಾಗಿದೆ, ಇಲ್ಲವೆಂದಲ್ಲ. ಉದ್ದ ಕಾಲುಚೀಲ ಇರಲಿ.

ಕೈತೋಟಕ್ಕೂ ಇದೇ ಸಮಯ. ಮೂಲಂಗಿ, ಬೀನ್ಸ್, ಕೊತ್ತಂಬರಿಯನ್ನು ಏರು ಮಡಿಯಲ್ಲಿ ನೇರವಾಗಿ ಬಿತ್ತಿ, ಮಡಿ ತಗ್ಗಾದರೆ ಹಿಂಗಾರು ಮಳೆಗೆ ಕೊಳೆಯುತ್ತದೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿಕೊಳ್ಳಿ. ಪೆಟೂನಿಯಾ ಬೇಕಿದ್ದರೆ ಸೂರಿನಡಿ ಟ್ರೇಯಲ್ಲಿ ಹಾಕಿ. ಅದರ ಬೀಜ ಧೂಳಿನಷ್ಟು ಸಣ್ಣದು, ಮರಳಿನೊಂದಿಗೆ ಬೆರೆಸಿ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು.

ಮಡಿಕೇರಿ ದಸರೆಯಲ್ಲಿ ದೇವಸ್ಥಾನಗಳಿಂದ ಮೆರವಣಿಗೆ ಹೊರಡುವ ಹತ್ತು ಮಂಟಪಗಳನ್ನು ವಿಜಯದಶಮಿಯ ರಾತ್ರಿ ನೋಡಲೇಬೇಕು, ನಿದ್ದೆಗೆಡಲು ಸಿದ್ಧರಾಗಿ ಹೋಗಿ. ಆದರೆ ನನಗೆ ಅದಕ್ಕಿಂತ ಇಷ್ಟ ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣ. ತಲಕಾವೇರಿಯ ತೀರ್ಥೋದ್ಭವಕ್ಕೆ ಜನಸಾಗರ ಸೇರುತ್ತದೆ. ನೂಕುನುಗ್ಗಲು ಆಗದವರು ಊರಲ್ಲೇ ಇದ್ದು ಗದ್ದೆ ಬದಿಗೆ ಹೋಗಿ, ಕೋಲಿನ ತುದಿಗೆ ಕಾಡುಬಳ್ಳಿಯ ಉಂಗುರ ಸಿಕ್ಕಿಸಿ ನೆಟ್ಟ ಬೊತ್ತು ಕಾಣಿಸುತ್ತದೆ. ಪಕ್ಕದ ಕೊಡವರ ಮನೆಯವರು ಕಣಿಪೂಜೆಗೆ ಕರೆದರೆ ಸಂಕೋಚ ಮಾಡಿಕೊಳ್ಳಬೇಡಿ. ಕೆಂಪು ರೇಷ್ಮೆ, ಒಡವೆ ತೊಡಿಸಿದ ಸೌತೆಕಾಯಿಯೋ ತೆಂಗಿನಕಾಯಿಯೋ ಅಂದು ಕಾವೇರಿಯಾಗಿರುತ್ತದೆ. ಊಟಕ್ಕೆ ಮಾಂಸವಿಲ್ಲ, ದೋಸೆಗೆ ಕುಂಬಳಕಾಯಿ ಸಾರು. ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ.