ಆಲೆಮನೆ ಪಕ್ಕದ ಕಾಂಟೆಸ್ಸಾ ರ‍್ಯಾಲಿಗೆ ಹೋಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹಳೇ ಕಾರು ಮತ್ತು ಮಣ್ಣಿನ ರ‍್ಯಾಲಿ ಬಗ್ಗೆಯೇ ಇವೆ. ಮೈಸೂರು, ಮಂಡ್ಯದವರಿಗೆ ಒಟ್ಟಿಗೇ ಹುಚ್ಚು ಹಿಡಿದ ಹಾಗಿದೆ. ಒಳ್ಳೆಯದೇ, ಉತ್ತರ ಬರೆಯೋಕೆ ನನಗೂ ಖುಷಿ.

ಪ್ರಶ್ನೆ: ಸಾರ್, ನಮ್ಮ ತಂದೆ 1990ರ ದಶಕದಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್, ಇಸುಜು ಪೆಟ್ರೋಲ್ ಎಂಜಿನ್‌ದು, ಆಲೆಮನೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಈಗಲೂ ಸ್ಟಾರ್ಟ್ ಆಗುತ್ತದೆ. ಆಫ್ರಿಕಾದಲ್ಲಿ ಅಮೆರಿಕದ ಹಳೇ ಫೋರ್ಡ್ ಮಸ್ಟಾಂಗ್‌ಗಳು ಧೂಳೆಬ್ಬಿಸಿಕೊಂಡು ಓಡುವ ವಿಡಿಯೊ ನೋಡಿದ ಮೇಲೆ ಇದನ್ನೂ ದೂರದ ರ‍್ಯಾಲಿಗೆ ಇಳಿಸಬೇಕು ಅಂತ ಆಸೆ. ಮೊದಲು ಒಂದು ವಿ8, ಅಂದರೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್, ಕೂರಿಸಲಾ?
— ಓದುಗರು, ಮಂಡ್ಯ

ಉತ್ತರ: ಬೇಡ. ಎಂಜಿನ್ ಮಾತು ಕೊನೆಗೆ ಇರಲಿ.

ಕಾಂಟೆಸ್ಸಾನ ನಮ್ಮವರು ಮಸಲ್ ಕಾರ್, ಅಂದರೆ ಅಮೆರಿಕದ ದೊಡ್ಡ ಎಂಜಿನ್ನಿನ ಜೋರು ಕಾರು, ಅಂತ ಕರೆಯೋದು ಅದರ ಮೂತಿ ನೋಡಿ. ಅದರ ಮೂಲ ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್. 1984ರಲ್ಲಿ ಶುರುವಾದಾಗ ಒಳಗೆ ಇದ್ದದ್ದು ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೇ, 50 ಅಶ್ವಶಕ್ತಿಯ ಆಸುಪಾಸು. ಅಷ್ಟು ದೊಡ್ಡ ಬಾಡಿಗೆ ಅದು ಎಲ್ಲಿ ಸಾಲುತ್ತೆ? ನಿಮ್ಮದರಲ್ಲಿರುವ 1.8 ಲೀಟರ್ ಇಸುಜು ಬಂದ ಮೇಲೆ ಕಾರಿಗೆ ಜೀವ ಬಂತು. ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಗಟ್ಟಿ ಆಕ್ಸಲ್, ಐದು ಗೇರು. ಮಣ್ಣಿನಲ್ಲಿ ಓಡೋಕೆ ಇಷ್ಟು ಸಾಕು.

ದೂರದ ರ‍್ಯಾಲಿಯಲ್ಲಿ ಕಾರು ನಿಲ್ಲೋದು ಶಕ್ತಿ ಸಾಲದೆ ಅಲ್ಲ. ಬಿಸಿಗೆ ನಿಲ್ಲುತ್ತೆ, ಧೂಳಿಗೆ ನಿಲ್ಲುತ್ತೆ, ಇಲ್ಲಾ ಏನಾದರೂ ಬಿರುಕು ಬಿಟ್ಟು ನಿಲ್ಲುತ್ತೆ. ಹಾಗಾಗಿ ಮೊದಲು ಬಾಡಿ ನೋಡಿ. ಇದಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆಲೆಮನೆ ಪಕ್ಕ ಅಂದಿರಿ, ಹಬೆ ತೇವ ಎಲ್ಲ ಕುಡಿದಿರುತ್ತೆ. ಮ್ಯಾಟ್ ತೆಗೆದು ನೆಲವನ್ನು, ಸಸ್ಪೆನ್ಷನ್ ಬಾಡಿಗೆ ಕೂರುವ ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಇಳಿದರೆ ಅಲ್ಲಿ ತುಕ್ಕು ತಿಂದಿದೆ ಅಂತಲೇ ಅರ್ಥ. ಮೊದಲು ಟಿಂಕರ್ ಹತ್ತಿರ ಹೋಗಿ ಅದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡ್ತೀನಿ ಅನ್ನೋರ ಹತ್ತಿರ ಮಾತ್ರ ಬೇಡ.

ಆಮೇಲೆ ಶಾಕ್ ಅಬ್ಸಾರ್ಬರ್. ನನ್ನನ್ನು ಕೇಳಿದರೆ ಎಂಜಿನ್ನಿಗೆ ಎತ್ತಿಟ್ಟ ದುಡ್ಡೆಲ್ಲ ಇಲ್ಲಿಗೆ ಸುರೀಬೇಕು. ತೊಳೆಹಲಗೆಯಂಥ ಮಣ್ಣು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಶಾಕ್ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ, ಆಗ ಅದು ಹಿಡಿತ ಬಿಟ್ಟುಬಿಡುತ್ತದೆ, ಹಿಂದಿನ ಆಕ್ಸಲ್ ಕುಣಿಯೋಕೆ ಶುರುಮಾಡುತ್ತದೆ, ನೀವು ತಿರುಗಿಸಿದ ಕಡೆ ಕಾರು ಹೋಗೋದಿಲ್ಲ. ಗ್ಯಾಸ್ ತುಂಬಿದ ಒಳ್ಳೆ ಶಾಕ್ ಹಾಕಿಸಿ, ರಬ್ಬರ್ ಬುಷ್ ಎಲ್ಲ ಹೊಸದು ಮಾಡಿಸಿ. ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಚೇಂಬರ್ ಕೆಳಗೆ ದಪ್ಪ ತಗಡಿನ ಗಾರ್ಡ್ ಬೇಕೇ ಬೇಕು. ಆದರೆ ಗಾಳಿ ಆಡೋಕೆ, ಎಣ್ಣೆ ಬಸಿಯೋಕೆ ತೂತು ಬಿಡಿಸಿ. ಇಲ್ಲದಿದ್ದರೆ ಎಂಜಿನ್ ಕೆಳಗೇ ಬೇಯುತ್ತೆ.

ರೇಡಿಯೇಟರ್ ಪೂರ್ತಿ ಬಿಚ್ಚಿಸಿ ಒಳಗಿನ ಕೋರ್ ಹೊಸದು ಹಾಕಿಸಿ. ಕಾರ್ಬುರೇಟರ್ ಎಂಜಿನ್ ಆದ್ದರಿಂದ ಬಿಸಿ ಜಾಸ್ತಿಯಾದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ಬಿಕ್ಕಳಿಸುತ್ತೆ, ಪೈಪನ್ನು ಸೈಲೆನ್ಸರ್ ಹತ್ತಿರದಿಂದ ದೂರ ತಿರುಗಿಸಿ. ಏರ್ ಕ್ಲೀನರ್‌ನ ಬಾಯಿ ಎತ್ತರದಲ್ಲಿರಲಿ. ಹಳ್ಳ ದಾಟುವ ಮುಂಚೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ರಬ್ಬರ್ ಗ್ಲೌಸ್ ತೊಡಿಸಿ, ಬೆರಳಿನ ತುದಿ ಕತ್ತರಿಸಿ ವೈರುಗಳನ್ನು ಅದರಲ್ಲಿ ತೂರಿಸಿ. ನಗಬೇಡಿ, ಹಳೇ ರ‍್ಯಾಲಿ ಮಂದಿ ಮಾಡ್ತಾ ಇದ್ದದ್ದು ಇದನ್ನೇ.

ನಿಮ್ಮ ಅದೃಷ್ಟಕ್ಕೆ ಇದೇ ಎಂಜಿನ್ ಅಂಬಾಸಿಡರ್ 1800ಕ್ಕೂ ಬಂದಿತ್ತು. ಕಾಂಟೆಸ್ಸಾ ನಿಂತದ್ದು 2002ರಲ್ಲಿ, ಅದರದ್ದೇ ಸಾಮಾನು ಹುಡುಕೋದು ಕಷ್ಟ. ಹಳೇ ಟ್ಯಾಕ್ಸಿಗಳ ಗುಜರಿಯಲ್ಲಿ ಎಂಜಿನ್ ಭಾಗ ಸಿಗುತ್ತೆ. ವಿ8 ಹಾಕಿಸಿದ ದಿನವೇ ಈ ಅನುಕೂಲ ಹೋಯಿತು. ಮೂತಿ ಭಾರವಾಗುತ್ತದೆ, ಬ್ರೇಕು ಗೇರ್‌ಬಾಕ್ಸು ಆಕ್ಸಲ್ ಎಲ್ಲವೂ ಬದಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಬಾಗಿಲನ್ನೂ ತಟ್ಟಬೇಕು.

ಮೊದಲ ವರ್ಷ ಟಿಎಸ್‌ಡಿ ರ‍್ಯಾಲಿ ಮಾಡಿ. ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್: ಆಯೋಜಕರು ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ರಸ್ತೆ ಮುಚ್ಚಿ ಓಡಿಸುವ ಸ್ಪೆಷಲ್ ಸ್ಟೇಜ್‌ಗೆ ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು), ರೇಸಿಂಗ್ ಬೆಲ್ಟು, ಹೆಲ್ಮೆಟ್ಟು, ದೇಶದ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸು ಎಲ್ಲ ಬೇಕು. ಆ ಖರ್ಚಿಗೆ ಇಳಿಯುವ ಮುಂಚೆ ಈ ಕೆಲಸ ನಿಮಗೆ ಇಷ್ಟವಾಗುತ್ತಾ ಅಂತಲಾದರೂ ಗೊತ್ತಾಗಲಿ.

ಪ್ರಶ್ನೆ: ಮಸಲ್ ಕಾರ್ ಅಂದರೆ ನೇರ ರಸ್ತೆಯಲ್ಲಿ ಕಾಲು ಮೈಲಿ ಓಡೋಕೆ ಹುಟ್ಟಿದ್ದು. ಮಣ್ಣಿನಲ್ಲಿ ಸಾವಿರಾರು ಕಿಲೋಮೀಟರ್ ಓಡಿದೆ ಅನ್ನೋದೆಲ್ಲ ಸುಮ್ನೆ ಬಿಲ್ಡಪ್ ಅಲ್ವಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅರ್ಧ ಸರಿ. 1964ರಲ್ಲಿ ಅಮೆರಿಕದವರು ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಗೆ ಮರ್ಕ್ಯುರಿ ಕಾಮೆಟ್‌ಗಳ ದಂಡನ್ನೇ ಕಳಿಸಿದರು, ವಿ8 ಎಂಜಿನ್ ಕಾರುಗಳು, ಕೈತುಂಬ ದುಡ್ಡು. ಕೊನೆ ಮುಟ್ಟಿದ್ದು ಎರಡೇ ಎರಡು. ಮರುವರ್ಷ ಅದೇ ರ‍್ಯಾಲಿ ಗೆದ್ದದ್ದು ಕೀನ್ಯಾದ ಜೋಗಿಂದರ್ ಸಿಂಗ್, ಯಾರೋ ಓಡಿಸಿ ಬಿಟ್ಟ ಒಂದು ಸೆಕೆಂಡ್ ಹ್ಯಾಂಡ್ ವೋಲ್ವೋದಲ್ಲಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು.

ಇನ್ನರ್ಧ 1968ರ ಲಂಡನ್–ಸಿಡ್ನಿ ಮ್ಯಾರಥಾನ್. ನವೆಂಬರ್ 24ಕ್ಕೆ ಲಂಡನ್ನಿನಿಂದ 98 ಕಾರು ಹೊರಟವು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿ ಮೇಲೆ ನಮ್ಮ ಮುಂಬೈಗೇ ಬಂದು ಹಡಗು ಹತ್ತಿ, ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ಇಳಿದು ಮತ್ತೆ ಸಿಡ್ನಿವರೆಗೆ ಓಡಿದವು. ಮುಗಿಸಿದ್ದು 56. ಅದರಲ್ಲಿ ಆಸ್ಟ್ರೇಲಿಯಾದ ಫೋರ್ಡ್ ಫಾಲ್ಕನ್ ಜಿಟಿಗಳಿದ್ದವು, 302 ಕ್ಯೂಬಿಕ್ ಇಂಚಿನ ವಿ8, ಅಂದರೆ ಸುಮಾರು 5 ಲೀಟರ್, ಅಪ್ಪಟ ಮಸಲ್ ಕಾರು. ಒಂದು ಮೂರನೇ ಸ್ಥಾನಕ್ಕೆ ಬಂತು, ತಂಡದ ಬಹುಮಾನವೂ ಅವರದ್ದೇ. ಹಾಗಾದರೆ ಗೆದ್ದದ್ದು ಯಾವುದು? ಹಿಲ್‌ಮನ್ ಹಂಟರ್. 1725 ಸಿಸಿ, ಮೇಷ್ಟ್ರು ಓಡಿಸುವಂಥ ಕಾರು. ಮುಂದಿದ್ದ ಸಿಟ್ರೊಯೆನ್ ಕೊನೇ ಹಂತದಲ್ಲಿ ಎದುರು ಬಂದ ಕಾರಿಗೆ ಡಿಕ್ಕಿಯಾಯಿತು ಅನ್ನೋದು ನಿಜ, ಆದರೆ ಅಲ್ಲಿವರೆಗೆ ಕೆಡದೆ ಬಂದು ಹತ್ತಿರದಲ್ಲೇ ಇದ್ದದ್ದಕ್ಕೆ ತಾನೇ ಹಂಟರ್‌ಗೆ ಅದು ದಕ್ಕಿದ್ದು? ತಮಾಷೆ ಅಂದರೆ ಹಂಟರ್ ಓಡಿಸಿದ ಆಂಡ್ರ್ಯೂ ಕೋವನ್, 1964ರಲ್ಲಿ ಪೀಟರ್ ಪ್ರಾಕ್ಟರ್ ಜೊತೆ ಮಸ್ಟಾಂಗ್‌ನಲ್ಲೇ ಫ್ರಾನ್ಸ್ ಸುತ್ತುವ ರ‍್ಯಾಲಿಯ ಟೂರಿಂಗ್ ವಿಭಾಗ ಗೆದ್ದವರು. ಎರಡೂ ಥರದ ಕಾರು ಓಡಿಸಿದ್ದ ಮನುಷ್ಯ. ಮಂಡ್ಯದವರು ತಮ್ಮ 1.8 ಲೀಟರ್ ಎಂಜಿನ್ ಬಗ್ಗೆ ಬೇಜಾರು ಮಾಡಿಕೊಂಡಿದ್ದರೆ ಇದನ್ನೂ ಓದಲಿ.

ಪ್ರಶ್ನೆ: 1969ರ ಮಸ್ಟಾಂಗ್ ವಿದೇಶದಿಂದ ತರಿಸಿ ಇಲ್ಲೇ ರ‍್ಯಾಲಿಗೆ ರೆಡಿ ಮಾಡಬಹುದಾ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ದುಡ್ಡಿದ್ದರೆ ತರಿಸಿ, ತೆರಿಗೆ ಮಾತ್ರ ಕಣ್ಣಲ್ಲಿ ನೀರು ತರಿಸುತ್ತೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಣಿ ಮಾಡಿಸುವ ನಿಯಮ 2021ರಲ್ಲಿ ಬಂತು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅದರಲ್ಲೇ ಗಂಟು ಇರೋದು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯ ರಸ್ತೆಗಿಳಿಸುವ ಹಾಗಿಲ್ಲ. ವಿಂಟೇಜ್ ರ‍್ಯಾಲಿ, ಪ್ರದರ್ಶನಕ್ಕೆ ಒಯ್ಯಬಹುದು. ಬಾಡಿ ಕತ್ತರಿಸಿ ಬಲಪಡಿಸಿ ಕಲ್ಲಿನ ಮೇಲೆ ಹಾರಿಸೋದು ಈ ನೋಂದಣಿಗೆ ಹೊಂದೋದಿಲ್ಲ. ಚೆಂದದ ಹಳೇ ಕಾರು ಕಣ್ತುಂಬ ನೋಡಬೇಕು ಅನ್ನೋದಷ್ಟೇ ಆಸೆ ಆದರೆ ನಿಮ್ಮೂರ ಹತ್ತಿರವೇ ಪಯಣ ಕಾರ್ ಮ್ಯೂಸಿಯಂ ಇದೆಯಲ್ಲ.

ಪ್ರಶ್ನೆ: ನಾಲೆ ಏರಿ ಮೇಲಿನ ಮಣ್ಣು ರಸ್ತೆ ರಾತ್ರಿ ಖಾಲಿ ಇರುತ್ತೆ. ಅಲ್ಲಿ ಪ್ರಾಕ್ಟೀಸ್ ಮಾಡಬಹುದಾ?
— ಓದುಗರು, ಪಾಂಡವಪುರ

ಉತ್ತರ: ನಿಮ್ಮ ತಾಲ್ಲೂಕಿನವರೇ ಇದನ್ನು ಕೇಳೋದಾ? 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ನಾಲೆ ಏರಿ ಮೇಲೆ ಬೇಡವೇ ಬೇಡ. ಕಬ್ಬು ಕಟಾವಾದ ಸ್ವಂತ ಹೊಲ, ಇಲ್ಲಾ ಮಾಲೀಕರು ಒಪ್ಪಿದ ಖಾಲಿ ಜಾಗ ನೋಡಿ, ಹಗಲಿನಲ್ಲಿ ಮಾಡಿ, ಜೊತೆಗೆ ಒಬ್ಬರಿರಲಿ.

ಪ್ರಶ್ನೆ: ನಮ್ಮ ಯಜಮಾನರು ಟಿಎಸ್‌ಡಿ ರ‍್ಯಾಲಿಗೆ ಹೆಸರು ಕೊಟ್ಟು, ನನ್ನನ್ನೇ ದಾರಿ ಹೇಳುವ ನ್ಯಾವಿಗೇಟರ್ ಅಂತ ಬರೆಸಿಬಿಟ್ಟಿದ್ದಾರೆ. ಕಾರಿನಲ್ಲಿ ಓದಿದರೆ ನನಗೆ ತಲೆಸುತ್ತು. ಏನು ಮಾಡಲಿ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಒಂದು ಮಾತೂ ಕೇಳದೆ ಬರೆಸಿದ್ದಾರಲ್ಲ, ಈಗ ಹೇಳಿದ್ದು ಕೇಳಬೇಕಾದವರು ಅವರೇ. ಟಿಎಸ್‌ಡಿಯಲ್ಲಿ ಗೆಲ್ಲಿಸೋದು ನ್ಯಾವಿಗೇಟರ್, ಡ್ರೈವರ್ ಅಲ್ಲ.

ದಾರಿಯ ವಿವರ ಇರುವ ರೋಡ್ ಬುಕ್ ಅನ್ನು ತೊಡೆ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಓದಬೇಡಿ. ಕ್ಲಿಪ್ ಬೋರ್ಡಿಗೆ ಹಾಕಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ, ಒಂದು ಸಾಲು ನೋಡಿ ತಕ್ಷಣ ರಸ್ತೆ ನೋಡಿ. ತಿಂಡಿ ಹಗುರವಾಗಿರಲಿ. ಮದ್ದೂರು ವಡೆ ವಾಪಸ್ ಬರುವಾಗ ತಿನ್ನಿ. ತಲೆಸುತ್ತಿನ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ, ಕೆಲವು ಮಾತ್ರೆಗೆ ನಿದ್ದೆ ಬರುತ್ತೆ.

ಲೆಕ್ಕಕ್ಕೆ ಹೆದರಬೇಡಿ. ಕೊಟ್ಟ ವೇಗವನ್ನು 6ರಿಂದ ಭಾಗಿಸಿ ನೂರರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರುತ್ತೆ. ಗಂಟೆಗೆ 36 ಕಿಲೋಮೀಟರ್ ಅಂದರೆ ನಿಮಿಷಕ್ಕೆ 600 ಮೀಟರ್, 42 ಅಂದರೆ 700. ಹಿಂದಿನ ದಿನವೇ ಒಂದು ಕಾಗದದಲ್ಲಿ ಇದನ್ನು ಬರೆದಿಟ್ಟುಕೊಳ್ಳಿ. ಹೊರಡುವ ಮುಂಚೆ ಆಯೋಜಕರು ಅಳತೆಗೆ ಅಂತ ಕೊಡುವ ದೂರವನ್ನು ಓಡಿಸಿ, ನಿಮ್ಮ ಮೀಟರ್ ಎಷ್ಟು ಹೆಚ್ಚುಕಡಿಮೆ ತೋರಿಸುತ್ತೆ ಅಂತ ನೋಡಿಕೊಳ್ಳಿ, ಜಾಸ್ತಿ ಜನ ಇದರಲ್ಲೇ ಎಡವುತ್ತಾರೆ. ಟೈರಿನ ಗಾಳಿಯನ್ನು ಆ ಅಳತೆಗೆ ಮುಂಚೆಯೇ ಹಾಕಿಸಿಬಿಡಿ, ಆಮೇಲೆ ಮುಟ್ಟಬೇಡಿ. ದಾರಿ ತಪ್ಪಿದರೆ ಜಗಳ ಬೇಡ, ಸರಿ ಇದ್ದ ಕೊನೇ ತಿರುವಿಗೆ ವಾಪಸ್ ಹೋಗಿ ಅಲ್ಲಿಂದ ಮತ್ತೆ ಶುರು ಮಾಡಿ.