ಕುಳಿತಾಗ ಬಿ.ಪಿ. ಸರಿ, ಎದ್ದರೆ ಕಣ್ಣು ಕತ್ತಲೆ

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಬಹಳ ವರ್ಷಗಳಿಂದ ಬಿ.ಪಿ.ಗೆ ಆಮ್ಲೋಡಿಪಿನ್ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ಈಚೆಗೆ ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಕೊಟ್ಟರು. ಆಮೇಲಿಂದ ರಾತ್ರಿ ಮೂತ್ರಕ್ಕೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಕಳೆದ ವಾರ ಬಚ್ಚಲಲ್ಲಿ ಬಿದ್ದರು. ಕ್ಲಿನಿಕ್‌ನಲ್ಲಿ 134/78, ನಾರ್ಮಲ್ ಅಂದರು. ಬಿ.ಪಿ. ಮಾತ್ರೆ ನಿಲ್ಲಿಸಲೇ?
– ಓದುಗರು, ತಿಪಟೂರು

ಉತ್ತರ: ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಆದರೆ ಆ 134/78ನ್ನು ನಂಬಿ ಸುಮ್ಮನಿರಲೂ ಬೇಡಿ. ಅದು ಕುಳಿತಾಗಿನ ಲೆಕ್ಕ. ತಂದೆಯವರು ಬಿದ್ದದ್ದು ಎದ್ದಾಗ.

ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿಯಾಗಬೇಕು, ಹೃದಯ ಚುರುಕಾಗಬೇಕು. ವಯಸ್ಸಾದಂತೆ ಇದು ನಿಧಾನವಾಗುತ್ತದೆ; ಹಳೆಯ ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ನಿಧಾನ. ಅದರ ಮೇಲೆ ಆಮ್ಲೋಡಿಪಿನ್ ರಕ್ತನಾಳ ಸಡಿಲಿಸುತ್ತದೆ, ಎರಡನೆಯ ಮಾತ್ರೆ ಮೈಯ ನೀರು ತೆಗೆಯುತ್ತದೆ, ಟ್ಯಾಮ್ಸುಲೋಸಿನ್ ನಾಳ ಬಿಗಿಯುವುದನ್ನೇ ತಡೆಯುತ್ತದೆ. ಹೊಸ ಮಾತ್ರೆ ಬಂದಮೇಲೆ ಶುರುವಾಗಿರುವುದರಿಂದ ಮೊದಲ ಅನುಮಾನ ಅದರ ಮೇಲೆ.

ಮನೆಯಲ್ಲೇ ಅಳೆಯಿರಿ. ಮಣಿಕಟ್ಟಿನ ಯಂತ್ರ ಬೇಡ, ತೋಳಿಗೆ ಪಟ್ಟಿ ಸುತ್ತುವಂಥದ್ದು ಇರಲಿ. ಬೆಳಿಗ್ಗೆ ಕಾಫಿಗೆ ಮುಂಚೆ 5 ನಿಮಿಷ ಮಲಗಿಸಿ ಒಮ್ಮೆ ನೋಡಿ. ಪಟ್ಟಿ ಬಿಚ್ಚದೆ ನಿಲ್ಲಿಸಿ, 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ನಿಂತಾಗ ಅವರ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದಿರಿ. ಜೋತುಬಿಟ್ಟರೆ ಯಂತ್ರ ಹೆಚ್ಚು ತೋರಿಸಿ ಇಳಿತವನ್ನು ಮರೆಮಾಡುತ್ತದೆ. ತಲೆ ಸುತ್ತಿದರೆ ತಕ್ಷಣ ಕೂರಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10, ಇಲ್ಲವೇ ಅದಕ್ಕಿಂತ ಹೆಚ್ಚು ಇಳಿದರೆ ಕಾರಣ ಸಿಕ್ಕಂತೆ. ನಾಡಿಬಡಿತವನ್ನೂ ಬರೆದಿಡಿ. ಬಿ.ಪಿ. ಇಳಿದರೂ ಬಡಿತ ಅಷ್ಟಾಗಿ ಏರದಿದ್ದರೆ ನರಗಳ ತೊಂದರೆ ಇರಬಹುದು.

ಎರಡು ಮೂರು ದಿನದ ಅಂಕಿಗಳನ್ನೂ ನಿದ್ದೆಯದು, ಅಲರ್ಜಿಯದು ಸೇರಿ ಎಲ್ಲ ಮಾತ್ರೆಗಳ ಶೀಟುಗಳನ್ನೂ ವೈದ್ಯರಿಗೆ ತೋರಿಸಿ. ಯಾವುದನ್ನು ಬಿಡಬೇಕು, ಯಾವುದರ ಹೊತ್ತು ಬದಲಿಸಬೇಕು ಎಂದು ಅವರೇ ಹೇಳಲಿ. ರಕ್ತದಲ್ಲಿ ಸೋಡಿಯಂ, ಹಿಮೋಗ್ಲೋಬಿನ್ ನೋಡಲು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ವಯಸ್ಸಾದವರಲ್ಲಿ ಸೋಡಿಯಂ ಇಳಿದು ನಡಿಗೆಯೇ ತಡವರಿಸುವುದುಂಟು.

ಅಲ್ಲಿಯವರೆಗೆ ಏಳುವ ಮುನ್ನ ಮಂಚದ ಅಂಚಿನಲ್ಲಿ 2 ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ರಾತ್ರಿ ಮಂಚದ ಬಳಿಯೇ ಪಾತ್ರೆಯಿಟ್ಟು ಕೂತೇ ಮೂತ್ರ ಮಾಡಲಿ. ಬಚ್ಚಲಿನ ಚಿಲಕ ಒಳಗಿಂದ ಹಾಕುವುದು ಬೇಡ. ಸುಡುನೀರಿನ ಎಣ್ಣೆಸ್ನಾನ ಸದ್ಯಕ್ಕೆ ಬೇಡವೇ ಬೇಡ. ರಾತ್ರಿ ಏಳಬೇಕಾದೀತೆಂದು ಹಿರಿಯರು ದಿನವಿಡೀ ನೀರು ಕುಡಿಯದೆ ಇರುತ್ತಾರೆ. ಇದರಿಂದ ಇಳಿತ ಹೆಚ್ಚುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಗೆ ನೀರು ಮಿತಿ ಮಾಡಿಲ್ಲದಿದ್ದರೆ ಸಂಜೆ 6ರೊಳಗೆ ಸುಮಾರು ಒಂದೂವರೆ ಲೀಟರ್ ಕುಡಿಯಲಿ. ಉಪ್ಪು ಮಾತ್ರ ಸ್ವಂತ ತೀರ್ಮಾನದಿಂದ ಹೆಚ್ಚಿಸಬೇಡಿ.

ಪ್ರಶ್ನೆ: ಅಮ್ಮನಿಗೆ 71. ಸ್ಟೆಂಟ್ ಹಾಕಿದಾಗಿನಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇವೆ. ಮೂರು ದಿನದ ಹಿಂದೆ ಜಾರಿ ತಲೆ ಗೋಡೆಗೆ ಬಡಿಯಿತು. ಗಾಯವಿಲ್ಲ, ಚೆನ್ನಾಗಿದ್ದಾರೆ. ಸ್ಕ್ಯಾನ್ ಬೇಕೇ?
– ಓದುಗರು, ಸಾಗರ

ಉತ್ತರ: ಬೇಕು, ಇವತ್ತೇ ಆಸ್ಪತ್ರೆಗೆ ಹೋಗಿ ತಲೆಯ ಸಿ.ಟಿ. ಬಗ್ಗೆ ಕೇಳಿ. ವಯಸ್ಸಾದಂತೆ ಮೆದುಳು ಕುಗ್ಗಿ, ಅದರ ಹೊರಗಿನ ಸಣ್ಣ ರಕ್ತನಾಳಗಳು ಎಳೆದಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿಯಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಮಾತ್ರೆಗಳಿದ್ದರೆ ರಕ್ತ ನಿಧಾನವಾಗಿ ಜಿನುಗಿ, ಲಕ್ಷಣ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಸ್ಕ್ಯಾನ್ ಸರಿಯಿದ್ದರೂ ತಲೆನೋವು, ಅತಿಯಾದ ಮಂಪರು, ಒಂದು ಕಾಲು ಎಳೆಯುವುದು, ಅಸಂಬದ್ಧ ಮಾತು ಕಂಡರೆ ಹಗಲು ರಾತ್ರಿಯೆನ್ನದೆ ಕರೆದೊಯ್ಯಿರಿ. ಹೆದರಿ ಮಾತ್ರೆ ನಿಲ್ಲಿಸಬೇಡಿ: ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಆ ನಿರ್ಧಾರ ಹೃದಯದ ವೈದ್ಯರದೇ ಆಗಿರಲಿ.