ತಾರಸಿಯ ಮಳೆ, ಮುಂಬಾಗಿಲ ಹುಲ್ಲು
(ಚಿತ್ರದುರ್ಗದ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಗರದ ಅಂಚಿನಲ್ಲಿ ತಾವು ಕಟ್ಟಿಸಲು ಹೊರಟಿರುವ ಕಲ್ಯಾಣ ಮಂಟಪದ ನಕ್ಷೆಗೆ ಅನುಮೋದನೆ ಕೇಳಲು ಹೋದಾಗ, ಮಳೆನೀರು ಕೊಯ್ಲಿನ ಮತ್ತು ಬಳಸಿದ ನೀರಿನ ಮರುಬಳಕೆಯ ವ್ಯವಸ್ಥೆಯನ್ನೂ ತೋರಿಸಬೇಕೆಂದು ಹೇಳಿದರೆಂದು ಬರೆದಿದ್ದೀರಿ. ಎಂಟು ಸಾವಿರ ಚದರ ಅಡಿಯ ತಾರಸಿ, ಎಂಟುನೂರು ಜನ ಕೂರುವ ಸಭಾಂಗಣ, ಗೇಟಿನಿಂದ ಪೋರ್ಟಿಕೋವರೆಗೆ ಐದು ಸಾವಿರ ಚದರ ಅಡಿಯ ಹುಲ್ಲುಹಾಸು ನಕ್ಷೆಯಲ್ಲಿವೆ. ಬಂಡೆಯ ಮೇಲಿರುವ ಊರಿನಲ್ಲಿ ಇಂಗುಗುಂಡಿ ತೋಡಿದರೆ ನೀರು ಎಲ್ಲಿಗೆ ಇಂಗೀತು, ತಿಂಗಳಿಗೆ ಐದಾರು ದಿನ ಮಾತ್ರ ಮದುವೆ ನಡೆಯುವ ಕಡೆ ಶುದ್ಧೀಕರಣ ಘಟಕವೇಕೆ, ವಾಣಿ ವಿಲಾಸ ಸಾಗರವೇ ತುಂಬಿರುವಾಗ ಬೆಂಗಳೂರಿಗೆ ಮಾಡಿದ ನಿಯಮ ನಮಗೇಕೆ ಎಂಬವು ತಮ್ಮ ಮೂರು ಆಕ್ಷೇಪಗಳು. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಗಳ ಮುಂದಿನ ಹುಲ್ಲಿಗೂ ಕಾನೂನು ಬಂದಿದೆಯೆಂದು ಅಲ್ಲಿರುವ ತಮ್ಮ ಮಗಳು ಹೇಳಿದ್ದು ನಿಜವೇ ಎಂದೂ ಕೇಳಿದ್ದೀರಿ.

ಮೊದಲ ಎರಡು ಆಕ್ಷೇಪಗಳಲ್ಲಿ ಹುರುಳಿದೆ. ಮೂರನೆಯದನ್ನು ನಾನು ಒಪ್ಪಲಾರೆ. ಮಗಳು ಹೇಳಿದ್ದು ನಿಜ, ಮತ್ತು ತಮ್ಮ ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ಕೂಡ ಆ ಹುಲ್ಲುಹಾಸೇ ಎಂದು ನನಗನ್ನಿಸುತ್ತದೆ.

ವಾಣಿ ವಿಲಾಸ ಸಾಗರದ ಮಾತು ಮೊದಲು ಮುಗಿಸೋಣ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂದರೆ 89 ವರ್ಷಗಳ ನಂತರ. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಕಲ್ಯಾಣ ಮಂಟಪವನ್ನು ಐವತ್ತು ವರ್ಷ ನಿಲ್ಲಲೆಂದು ಕಟ್ಟುತ್ತೇವೆ. ಅಷ್ಟು ವರ್ಷಗಳ ನೀರಿನ ಲೆಕ್ಕವನ್ನು ಈಗ ಕಣ್ಣಿಗೆ ಕಾಣುತ್ತಿರುವ ಕೋಡಿಯನ್ನು ನಂಬಿ ಮಾಡಲಾಗದು.

ಬೆಂಗಳೂರಿಗೆ ಮಾಡಿದ ನಿಯಮ ಎಂಬುದೂ ಪೂರ್ತಿ ಸರಿಯಲ್ಲ. ರಾಜಧಾನಿಯಲ್ಲಿ ಜಲಮಂಡಳಿ 2009ರಿಂದ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿರುವುದು ಮತ್ತು 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿದ್ದು ಆ ಊರಿಗೆ ಸೇರಿದ ಮಾತು. ತಮಗೆ ಹೇಳಿರುವುದರ ಬೇರು ಬೇರೆ ಕಡೆ ಇದೆ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2016ರಲ್ಲಿ ಹೊರತಂದ ಮಾದರಿ ಕಟ್ಟಡ ಉಪವಿಧಿಗಳು, 100 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಕಟ್ಟಡಕ್ಕೆ ಮಳೆನೀರು ಕೊಯ್ಲು ಇರಬೇಕೆಂದೂ, ದಿನಕ್ಕೆ 10,000 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಬಳಸಿದ ನೀರನ್ನು ಹೊರಬಿಡುವ ಕಟ್ಟಡದಲ್ಲಿ ಅದನ್ನು ಶುದ್ಧಮಾಡಿ ತೋಟಗಾರಿಕೆಗೆ ಬಳಸುವ ಏರ್ಪಾಡು ಇರಬೇಕೆಂದೂ ಹೇಳುತ್ತವೆ. ಅವು ಮಾದರಿಗಳು, ರಾಜ್ಯವೂ ಸ್ಥಳೀಯ ಸಂಸ್ಥೆಯೂ ಅಳವಡಿಸಿಕೊಂಡ ರೂಪದಲ್ಲಿ ಜಾರಿಗೆ ಬರುತ್ತವೆ. ಆದ್ದರಿಂದ ತಮ್ಮ ನಿವೇಶನಕ್ಕೆ ಅನ್ವಯಿಸುವ ಅಂಕಿಗಳನ್ನು ನಗರ ಯೋಜನಾ ಶಾಖೆಯಿಂದ ಬರವಣಿಗೆಯಲ್ಲಿಯೇ ಪಡೆದುಕೊಳ್ಳಿ. ಬಾಯಿಮಾತಿನ ನಿಯಮವನ್ನು ಪಾಲಿಸುವುದೂ ಕಷ್ಟ, ಪ್ರಶ್ನಿಸುವುದೂ ಕಷ್ಟ.

ಈಗ ಬಂಡೆಯ ವಿಷಯ. ತಾವು ಹೇಳುವುದು ಸರಿ. ನಮ್ಮದು ಗಟ್ಟಿ ಶಿಲೆಯ ನೆಲ. ನೀರು ಇಳಿಯುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಎರಡು ಅಡಿ ಅಗೆದರೆ ಹಾಸುಗಲ್ಲು ಸಿಗುವ ಕಡೆ ಇಂಗುಗುಂಡಿ ಮಾಡಿದರೆ ಅದು ಸೊಳ್ಳೆ ಸಾಕುವ ತೊಟ್ಟಿಯಾದೀತು, ಅಷ್ಟೇ. ಎಲ್ಲ ನಿವೇಶನಕ್ಕೂ ಒಂದೇ ಅಳತೆಯ ಇಂಗುಗುಂಡಿಯ ಚಿತ್ರವನ್ನು ನಕ್ಷೆಗೆ ಅಂಟಿಸಿ ಕೈತೊಳೆದುಕೊಳ್ಳುವ ಪದ್ಧತಿಯನ್ನು ನಾನೂ ಒಪ್ಪುವುದಿಲ್ಲ. ಆದರೆ ನೀರು ಇಂಗದ ಕಲ್ಲು ನೀರನ್ನು ಹಿಡಿದಿಡಬಲ್ಲದು ಎಂಬುದನ್ನು ಈ ಊರಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ಗುಡ್ಡದ ಮೇಲೆ ಬಿದ್ದ ಮಳೆಯನ್ನು ನಾಲ್ಕು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದ ಆ ಕೆಲಸವನ್ನು ನೋಡುತ್ತಲೇ ಬೆಳೆದ ನಾವು, ಕಲ್ಲು ನೆಲವೆಂಬ ಕಾರಣಕ್ಕೆ ಮಳೆಯನ್ನು ಚರಂಡಿಗೆ ಬಿಡಬಾರದು. ಇಂಗಿಸಲಾಗದ ಕಡೆ ಸಂಗ್ರಹಿಸಬೇಕು. ತಮಗೆ ಬೇಕಾಗಿರುವುದು ದೊಡ್ಡದೊಂದು ಸಂಪು. ನಕ್ಷೆಯಲ್ಲಿ ಹಾಗೆಂದೇ ತೋರಿಸಿ, ಜೊತೆಗೆ ಭೂವಿಜ್ಞಾನಿಯೊಬ್ಬರ ಅಭಿಪ್ರಾಯ ಲಗತ್ತಿಸಿ ವಾದಿಸಿ.

ಎಷ್ಟು ದೊಡ್ಡದು ಎಂಬುದಕ್ಕೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ತಮ್ಮ ತಾರಸಿ ಸುಮಾರು 743 ಚದರ ಮೀಟರ್. ವರ್ಷದ ಮಳೆಯನ್ನು ಕೈ ಬಿಗಿಹಿಡಿದು 550 ಮಿಲಿಮೀಟರ್ ಎಂದೇ ಇಟ್ಟುಕೊಂಡು, ಆವಿಯಾಗಿ ಸೋರಿ ಹೋಗುವ ಐದನೆಯ ಒಂದು ಪಾಲನ್ನು ಕಳೆದರೂ ಸುಮಾರು 3.25 ಲಕ್ಷ ಲೀಟರ್ ಉಳಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್‌ಗಳಲ್ಲಿ ಎಣಿಸಿದರೆ ಅದು 65 ಟ್ಯಾಂಕರ್. ನಮ್ಮಲ್ಲಿ ಮಳೆ ಹದವಾಗಿ ಹಂಚಿಕೊಂಡು ಬರುವುದಿಲ್ಲ. ಒಂದು ಸಂಜೆ 30 ಮಿಲಿಮೀಟರ್ ಸುರಿದರೆ, ಅದೇ ಐದನೆಯ ಒಂದು ಪಾಲನ್ನು ಕಳೆದರೂ, ತಾರಸಿಯಿಂದ ಸುಮಾರು 18,000 ಲೀಟರ್ ಒಂದೇ ಏಟಿಗೆ ಇಳಿಯುತ್ತದೆ. ಐವತ್ತು ಸಾವಿರ ಲೀಟರಿನ ಸಂಪು ಇದ್ದರೆ ಅಂಥ ಎರಡು ಮಳೆಯನ್ನು ಪೂರ್ತಿಯಾಗಿ, ಮೂರನೆಯದನ್ನು ಬಹುಪಾಲು ಹಿಡಿಯಬಹುದು. ಮೊದಲ ಮಳೆಯಲ್ಲಿ ತಾರಸಿಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ತೊಳೆದುಬರುವುದರಿಂದ ಆ ನೀರನ್ನು ಹೊರಕ್ಕೆ ಬಿಡುವ ಕವಾಟ, ಅದರ ನಂತರ ಜಲ್ಲಿ-ಮರಳಿನ ಸೋಸುತೊಟ್ಟಿ ಇರಲೇಬೇಕು. ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಕಾಟವಿದೆ, ಮಳೆನೀರಿನಲ್ಲಿ ಅದಿಲ್ಲ. ಅಡುಗೆಮನೆಗೆ ಬೇರೆ ಕೊಳವೆಯಲ್ಲಿ ಈ ನೀರನ್ನೇ ಶುದ್ಧಮಾಡಿ ಕೊಡುವ ಯೋಚನೆ ಮಾಡಬಹುದು. ಸಂಪು ತುಂಬಿ ಹೊರಚೆಲ್ಲುವ ನೀರನ್ನು ಸೋಸಿ, ಬತ್ತಿದ ಕೊಳವೆಬಾವಿಯ ಸುತ್ತಲಿನ ಮರುಪೂರಣ ಗುಂಡಿಗೆ ಬಿಡಿ. ವಾಹನ ನಿಲ್ಲುವ ಅಂಗಳದ ನೀರು ಮಾತ್ರ ಅಲ್ಲಿಗೆ ಹೋಗಕೂಡದು, ಅದರಲ್ಲಿ ಎಣ್ಣೆಯಿರುತ್ತದೆ.

ಇನ್ನು ಹುಲ್ಲುಹಾಸು. ಐದು ಸಾವಿರ ಚದರ ಅಡಿ ಎಂದರೆ 465 ಚದರ ಮೀಟರ್. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ದಿನಕ್ಕೆ ಎರಡು ಸಾವಿರ ಲೀಟರ್ ಎಂದಿಟ್ಟುಕೊಂಡರೂ ಫೆಬ್ರವರಿಯಿಂದ ಮೇವರೆಗಿನ ನಾಲ್ಕು ತಿಂಗಳಲ್ಲಿ 2.4 ಲಕ್ಷ ಲೀಟರ್ ಆಗುತ್ತದೆ. ತಾರಸಿ ವರ್ಷವಿಡೀ ಕೊಡುವ ನೀರಿನ ಮುಕ್ಕಾಲು ಪಾಲಿನಷ್ಟನ್ನು, ಮಳೆ ಕಡಿಮೆಯಿರುವ ನಾಲ್ಕೇ ತಿಂಗಳಲ್ಲಿ, ಸರಪಳಿ ಕಟ್ಟಿ ಯಾರೂ ಕಾಲಿಡದಂತೆ ಕಾಯುವ ಹುಲ್ಲು ಕುಡಿದುಬಿಡುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದಾಗ ನನಗೇ ಬೇಸರವಾಯಿತು. ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಮಾನಕ. ಅದರ ಪ್ರಕಾರ ಆ ಎರಡು ಸಾವಿರ ಲೀಟರ್ ಹೆಚ್ಚುಕಡಿಮೆ ಹದಿನೈದು ಜನರ ಒಂದು ದಿನದ ನೀರು.

ಕ್ಯಾಲಿಫೋರ್ನಿಯಾದವರು ಹಿಡಿದಿರುವುದು ಈ ಎಳೆಯನ್ನೇ. 2023ರಲ್ಲಿ ಅಂಗೀಕಾರವಾದ ಕಾನೂನಿನ ಪ್ರಕಾರ, ವಾಣಿಜ್ಯ, ಕೈಗಾರಿಕೆ ಮತ್ತು ಸಂಸ್ಥೆಗಳ ಆವರಣದಲ್ಲಿ ಬರೀ ನೋಟಕ್ಕೆಂದು ಬೆಳೆಸಿದ ಹುಲ್ಲಿಗೆ ಕುಡಿಯುವ ನೀರು ಹಾಯಿಸುವುದನ್ನು ಹಂತಹಂತವಾಗಿ ನಿಷೇಧಿಸಲಾಗುತ್ತದೆ. ಸರ್ಕಾರಿ ಆವರಣಗಳಿಗೆ 2027ರಿಂದ, ವಾಣಿಜ್ಯ ಆವರಣಗಳಿಗೆ 2028ರಿಂದ. ಮಕ್ಕಳು ಆಡುವ, ಜನ ಕೂಡುವ ಹುಲ್ಲಿಗೆ ವಿನಾಯಿತಿಯಿದೆ, ಮರಗಳನ್ನು ಉಳಿಸಿಕೊಳ್ಳಲು ನೀರು ಕೊಡಬಹುದು. ಸರ್ಕಾರವೇ ತನ್ನ ಅಂಗಳದಿಂದ ಮೊದಲು ಆರಂಭಿಸುವ ಆ ಕ್ರಮ ನನಗೆ ಹಿಡಿಸಿತು. ನಮ್ಮಲ್ಲಿ ಹುಲ್ಲುಹಾಸಿನ ವಿಸ್ತೀರ್ಣವನ್ನು ನಕ್ಷೆಯ ಹಂತದಲ್ಲಿ ಪ್ರಶ್ನಿಸುವ ಅಭ್ಯಾಸ ಬೆಳೆಯಬೇಕು. ತಾವು ಅದಕ್ಕೆ ಕಾಯಬೇಕಾಗಿಲ್ಲ. ವಧೂವರರ ಫೋಟೊಗೆ, ಮಕ್ಕಳ ಓಡಾಟಕ್ಕೆ ಐನೂರು ಚದರ ಅಡಿ ಹುಲ್ಲು ಇಟ್ಟುಕೊಳ್ಳಿ. ಉಳಿದ ಕಡೆ ಹೊಂಗೆ, ಬೇವು, ಕಕ್ಕೆ ಬೆಳೆಯಲಿ. ಬೇಲಿಯ ಸಾಲಿಗೆ ಕಾಗದದ ಹೂವು, ಕಣಗಿಲೆ, ನಮ್ಮ ಗುಡ್ಡದ ತಂಗಡಿ. ಬುಡಕ್ಕೆ ಒಣಎಲೆಯ ಹೊದಿಕೆ ಹಾಕಿ, ಹನಿ ಕೊಳವೆಯಲ್ಲಿ ನೀರು ಕೊಟ್ಟರೆ ಎರಡು-ಮೂರು ವರ್ಷಗಳಲ್ಲಿ ಇವು ಹೆಚ್ಚುಕಡಿಮೆ ತಮ್ಮ ಕಾಲ ಮೇಲೆ ತಾವು ನಿಲ್ಲುತ್ತವೆ. ಏಪ್ರಿಲ್-ಮೇ ತಿಂಗಳ ಮದುವೆಗೆ ಕಕ್ಕೆ ಹಳದಿ ಹೂಗೊಂಚಲು ಇಳಿಬಿಟ್ಟಿದ್ದರೆ ಮಂಟಪಕ್ಕೆ ಬೇರೆ ಅಲಂಕಾರ ಬೇಕೇ?

ಶುದ್ಧೀಕರಣ ಘಟಕದ ಬಗ್ಗೆ ತಮ್ಮ ಆತಂಕ ಸಕಾರಣವಾದದ್ದು. ಸಭಾಂಗಣಕ್ಕೆ ಆಸನಕ್ಕೆ 15 ಲೀಟರ್ ಎಂಬ ಕನಿಷ್ಠ ಲೆಕ್ಕದಲ್ಲಿಯೂ ಎಂಟುನೂರು ಜನರಿಗೆ 12,000 ಲೀಟರ್ ಆಗುತ್ತದೆ. ಊಟದ ನೀರು ಬೇರೆ. ಹೀಗಾಗಿ ಮದುವೆಯ ದಿನ ತಾವು 10,000ದ ಮಿತಿಯನ್ನು ದಾಟುವುದು ಬಹುತೇಕ ಖಚಿತ, ಉಳಿದ ದಿನ ಏನೂ ಇಲ್ಲ. ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುವ ಜೀವಾಣುಗಳು ಇಂಥ ಉಪವಾಸ-ಔತಣದ ಸರದಿಯಲ್ಲಿ ಬದುಕಲಾರವು. ಘಟಕ ಕೆಟ್ಟು ನಾರುತ್ತದೆ, ಆಮೇಲೆ ಯಾರೂ ಅದರ ಸ್ವಿಚ್ ಹಾಕುವುದಿಲ್ಲ. ಮದುವೆಯ ದಿನದ ನೀರನ್ನು ಮೊದಲು ಒಂದು ತೊಟ್ಟಿಯಲ್ಲಿ ಹಿಡಿದು, ಗಾಳಿಯಾಡಿಸುತ್ತ, ನಾಲ್ಕೈದು ದಿನ ಸ್ವಲ್ಪಸ್ವಲ್ಪವೇ ಘಟಕಕ್ಕೆ ಬಿಡುವಂತೆ ವಿನ್ಯಾಸ ಮಾಡಿಸಿ. ಶೌಚಾಲಯದ ನೀರು ಬೇರೆ ಕೊಳವೆಯಲ್ಲಿ ಒಳಚರಂಡಿಗೆ ಹೋಗಲಿ. ಅಡುಗೆಮನೆಯ ನೀರು ಜಿಡ್ಡು ಹಿಡಿಯುವ ತೊಟ್ಟಿಯನ್ನು ದಾಟಿಯೇ ಮುಂದೆ ಬರಲಿ. ಕೈ ತೊಳೆದ ನೀರು ಎಲ್ಲಕ್ಕಿಂತ ಹಗುರ. ಜಲ್ಲಿ ತುಂಬಿ ಕಾಬಾಳೆ ನೆಟ್ಟ ಹಾಸಿನಲ್ಲಿ ಅದನ್ನು ಹಾಯಿಸಿದರೆ ಗಿಡಗಳಿಗೆ ಸಾಕಷ್ಟು ಶುದ್ಧವಾಗುತ್ತದೆ. ಅನುಮೋದನೆ ಕೊಡುವವರು ಇದನ್ನು ಒಪ್ಪುವಂತೆ ತಮ್ಮ ಎಂಜಿನಿಯರ್ ಲೆಕ್ಕಸಹಿತ ಬರೆದುಕೊಡಬೇಕು.

ನಲ್ಲಿಗಳ ಬಗ್ಗೆ ಒಂದು ಮಾತು. ಊಟವಾದ ಮೇಲೆ ಎಂಟುನೂರು ಜನ ಸಾಲಾಗಿ ಬಂದು ತಲಾ ಇಪ್ಪತ್ತು ಸೆಕೆಂಡು ಕೈ ತೊಳೆದರೆ, ನಿಮಿಷಕ್ಕೆ 12 ಲೀಟರ್ ಸುರಿಸುವ ನಲ್ಲಿಯಲ್ಲಿ 3,200 ಲೀಟರ್ ಹರಿಯುತ್ತದೆ. ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರಿಯೇಟರ್ ಎಂಬ ಜಾಲರಿಯನ್ನು ನಲ್ಲಿಯ ಬಾಯಿಗೆ ಹಾಕಿ ಅದನ್ನು ನಿಮಿಷಕ್ಕೆ 4 ಲೀಟರಿಗೆ ಇಳಿಸಿದರೆ ಸಾವಿರ ಲೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇಡೀ ಕಟ್ಟಡದಲ್ಲಿ ಇಷ್ಟು ಕಡಿಮೆ ಖರ್ಚಿನ ಉಳಿತಾಯ ಇನ್ನೊಂದಿಲ್ಲ. ಫ್ಲಶ್ ತೊಟ್ಟಿಗಳು ಮೂರು ಮತ್ತು ಆರು ಲೀಟರಿನ ಎರಡು ಒತ್ತುಗುಂಡಿಯವಾಗಿರಲಿ.

ನಗರಸಭೆಯವರೂ ಈ ಪತ್ರಿಕೆಯನ್ನು ಓದುತ್ತಾರೆಂಬ ನಂಬಿಕೆಯಿಂದ ಅವರಿಗೂ ಹೇಳುತ್ತೇನೆ. ಇದೇ ಊರಿನ ವಾಣಿಜ್ಯ ಸಂಕೀರ್ಣವೊಂದರಲ್ಲಿ ಮಳೆನೀರು ಕೊಯ್ಲಿನ ಕೊಳವೆ ತಾರಸಿಯಿಂದ ಅಚ್ಚುಕಟ್ಟಾಗಿ ಇಳಿದು ನೆಲದಿಂದ ಒಂದು ಅಡಿ ಮೇಲೆ, ಚರಂಡಿಯ ಬಾಯಿಗೇ, ನಿಂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಕ್ಷೆಯಲ್ಲಿ ಅದು ಸಂಪಿನವರೆಗೂ ಹೋಗಿದ್ದೀತು. ಕಟ್ಟಡವನ್ನು ಬಳಸಲು ಒಪ್ಪಿಗೆ ನೀಡುವ ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ಒಬ್ಬರು ತಾರಸಿಯ ಮೇಲೆ ನಾಲ್ಕು ಕೊಡ ನೀರು ಸುರಿದು ಅದು ಎಲ್ಲಿ ಬೀಳುತ್ತದೆಂದು ನೋಡಿದರೆ ಸಾಕಿತ್ತು. ತೋಟಕ್ಕೆ, ಸಂಪಿಗೆ, ಕೊಳವೆಬಾವಿಗೆ ಬೇರೆ ಬೇರೆ ಮೀಟರ್ ಹಾಕಿಸಿ ವರ್ಷಕ್ಕೊಮ್ಮೆ ಓದಿಸಿದ್ದರೆ ಇನ್ನೂ ಒಳ್ಳೆಯದಿತ್ತು.

ತಿದ್ದಿದ ನಕ್ಷೆಯ ಪ್ರತಿಯೊಂದನ್ನು ಕಳಿಸಿಕೊಡಿ. ಸಂಪಿನ ಜಾಗ ಗೊತ್ತಾಗಿ, ಮುಂಗಾರಿಗೆ ಮೊದಲು ತಾರಸಿಯ ಕೊಳವೆಗಳನ್ನು ಜೋಡಿಸುವುದಾದರೆ, ಮೊದಲ ದೊಡ್ಡ ಮಳೆಯ ಮರುದಿನ ಬಂದು ಸಂಪಿನಲ್ಲಿ ಎಷ್ಟು ನೀರು ನಿಂತಿದೆಯೆಂದು ಅಳತೆಕೋಲು ಇಳಿಸಿ ನೋಡಲು ನಾನು ಸಿದ್ಧನಿದ್ದೇನೆ.

— ಸಂಪಾದಕ